ಕೂತು ಲೆಕ್ಕ ಹಾಕೋಣ

ಜಗಳಕ್ಕೆ ನಿಂತ ಇಬ್ಬರನ್ನು ಸಮಾಧಾನ ಮಾಡುವುದು ಹೇಗೆ? ಊರ ಹಿರಿಯರು ಪಂಚಾಯ್ತಿ ಸೇರಿಸುತ್ತಾರೆ. ವಕೀಲರು ಕೋರ್ಟಿನ ದಾರಿ ತೋರಿಸುತ್ತಾರೆ. ರಾಜರಾದರೆ ದಂಡು ಕಳಿಸುತ್ತಾರೆ. ಹದಿನೇಳನೇ ಶತಮಾನದ ಜರ್ಮನಿಯ ಒಬ್ಬ ತತ್ವಜ್ಞಾನಿ ಇವು ಯಾವುವೂ ಅಲ್ಲದ ದಾರಿಯೊಂದನ್ನು ಹೇಳಿದ. ಮನುಷ್ಯನ ಪ್ರತಿಯೊಂದು ಮೂಲ ವಿಚಾರಕ್ಕೂ ಒಂದೊಂದು ಚಿಹ್ನೆ ಮಾಡಬೇಕು. ಆ ಚಿಹ್ನೆಗಳನ್ನು ಕೂಡುವ, ಕಳೆಯುವ ನಿಯಮಗಳನ್ನು ಕಟ್ಟಬೇಕು. ಆಗ ತಪ್ಪು ವಾದವೆಂಬುದು ತಪ್ಪು ಲೆಕ್ಕದಂತೆ ಹಾಳೆಯ ಮೇಲೆಯೇ ಸಿಕ್ಕಿಬೀಳುತ್ತದೆ. ವಾದಕ್ಕೆ ಬಿದ್ದ ಇಬ್ಬರು ಕೂಗಾಡಬೇಕಾಗಿಲ್ಲ; ಲೇಖನಿ ಹಿಡಿದು, ಬನ್ನಿ, ಕೂತು ಲೆಕ್ಕ ಹಾಕೋಣ ಎಂದರೆ ಸಾಕು. ಹೀಗೆಂದವನ ಹೆಸರು ಗಾಟ್‌ಫ್ರೀಡ್ ವಿಲ್‌ಹೆಲ್ಮ್ ಲೈಬ್ನಿಟ್ಸ್. ಇವತ್ತು ಕಾಲೇಜಿನ ಹುಡುಗರು ಬೈದುಕೊಂಡು ಕಲಿಯುವ ಕ್ಯಾಲ್ಕುಲಸ್ಸಿನ ಚಿಹ್ನೆಗಳು ಆತನ ಕೈಯಿಂದ ಬಂದವು.

ಕತೆ ಬರೆಯುವ ನಮಗೆ ಈತನ ಸಹವಾಸ ಆದದ್ದು ನಲವತ್ತು ದಾಟಿದ ಮೇಲೆ. ಮೊದಲು ಓದಿದಾಗ ನಗು ಬಂತು. ಜಗಳಗಳು ಲೆಕ್ಕದಿಂದ ತೀರುವುದಾದರೆ ಕತೆಗಾರರಿಗೆ ಕೆಲಸವೆಲ್ಲಿ ಉಳಿಯುತ್ತದೆ? ಆದರೆ ನಕ್ಕು ಪುಸ್ತಕ ಮುಚ್ಚಲು ಆಗಲಿಲ್ಲ. ಕಾರಣ, ಆತ ಹೇಳುವ ಸಮಸ್ಯೆ ನಮಗೆ ಬಾಲ್ಯದಿಂದಲೇ ಪರಿಚಯವಿತ್ತು.

ನಾವು ಏಳನೆಯ ತರಗತಿಯವರೆಗೆ ಉರ್ದು ಶಾಲೆಯಲ್ಲಿ, ಆಮೇಲೆ ಕನ್ನಡ ಶಾಲೆಯಲ್ಲಿ ಓದಿದವರು. ಉರ್ದು ಬರೆಯುವಾಗ ಕೈ ಬಲದಿಂದ ಎಡಕ್ಕೆ ಹರಿಯುತ್ತದೆ. ನಡುವೆ ಒಂದು ಸಂಖ್ಯೆ ಬಂತೆನ್ನಿ, ಕೈ ಅಲ್ಲಿ ತಡೆದು, ಸ್ವಲ್ಪ ಎಡಕ್ಕೆ ಹಾರಿ, ಸಂಖ್ಯೆಯನ್ನು ಎಡದಿಂದ ಬಲಕ್ಕೆ ಬರೆದು, ಮತ್ತೆ ಎಡಕ್ಕೆ ದಾಟಬೇಕು. ಕನ್ನಡ ಶಾಲೆಗೆ ಬಂದಾಗ ಅಕ್ಷರದ ದಿಕ್ಕು ಬದಲಾಯಿತು, ಸಂಖ್ಯೆಯ ದಿಕ್ಕು ಬದಲಾಗಲಿಲ್ಲ. ಮಿಕ್ಕ ಪಾಠಗಳನ್ನೆಲ್ಲ ಮನಸ್ಸಿನಲ್ಲೇ ತರ್ಜುಮೆ ಮಾಡಿಕೊಳ್ಳುತ್ತಿದ್ದ ನಮಗೆ ಲೆಕ್ಕದ ಪೀರಿಯಡ್ಡಿನಲ್ಲಿ ಮಾತ್ರ ಉಸಿರಾಡಲು ಜಾಗ ಸಿಗುತ್ತಿತ್ತು.

ಆದರೆ ಲೆಕ್ಕದ ಹೆಸರುಗಳು ಹಾಗಿರಲಿಲ್ಲ. ಉರ್ದುವಿನಲ್ಲಿ ಕೂಡುವುದಕ್ಕೆ ಜಮಾ, ಕಳೆಯುವುದಕ್ಕೆ ತಫ್ರೀಕ್, ಗುಣಿಸುವುದಕ್ಕೆ ಜರ್ಬ್, ಭಾಗಿಸುವುದಕ್ಕೆ ತಕ್ಸೀಮ್. ಜಮಾ ಎಂಬುದು ಕನ್ನಡದ ಜಮಾಖರ್ಚಿನಲ್ಲೂ ಇದೆ, ಅದು ನೆಂಟನಂತೆ. ಜರ್ಬ್ ಎಂದರೆ ಏಟು ಎಂದೂ ಆಗುತ್ತದೆ. ತಕ್ಸೀಮ್ ಇನ್ನೂ ಭಾರವಾದ ಮಾತು. ಹನ್ನೆರಡನ್ನು ಮೂರರಿಂದ ಭಾಗಿಸುವುದೂ ತಕ್ಸೀಮ್, ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಳ್ಳುವುದೂ ತಕ್ಸೀಮ್, 1947ರಲ್ಲಿ ಆದದ್ದೂ ತಕ್ಸೀಮ್. ಉರ್ದುವಿನ ಎಷ್ಟೋ ಕತೆಗಾರರು ಈ ಮೂರನೆಯ ಅರ್ಥದ ರಕ್ತದಲ್ಲೇ ಲೇಖನಿ ಅದ್ದಿ ಬರೆದಿದ್ದಾರೆ. ಮಾತು ಯಾವತ್ತೂ ತಾನೊಂದೇ ಬರುವುದಿಲ್ಲ, ಬೆನ್ನ ಮೇಲೆ ಗಂಟು ಹೊತ್ತೇ ಬರುತ್ತದೆ. ನಮ್ಮಂಥವರು ಆ ಗಂಟು ಬಿಚ್ಚಿ ಬದುಕುವವರು. ಲೈಬ್ನಿಟ್ಸ್ ಗಂಟೇ ಇಲ್ಲದ ಮಾತನ್ನು ಹುಡುಕಲು ಹೊರಟವನು. ಆ ಹುಡುಕಾಟದಲ್ಲಿ ಆತನ ಗಣಿತ ಹೇಗೆ ಬೆಳೆಯಿತು ಎಂಬುದು ಒಳ್ಳೆಯ ಕತೆ.

ಆತ ಹುಟ್ಟಿದ್ದು 1646ರಲ್ಲಿ, ಲೈಪ್‌ಜಿಗ್ ನಗರದಲ್ಲಿ. 1618ರಲ್ಲಿ ಆರಂಭವಾಗಿ ಮೂವತ್ತು ವರ್ಷ ನಡೆದ ಯುದ್ಧ ಮುಗಿಯಲು ಇನ್ನೂ ಎರಡು ವರ್ಷ ಉಳಿದಿತ್ತು. ಒಂದೇ ದೇವರನ್ನು, ಒಂದೇ ಗ್ರಂಥವನ್ನು ನಂಬಿದ ಕ್ಯಾಥೊಲಿಕರೂ ಪ್ರಾಟೆಸ್ಟಂಟರೂ ಆ ಯುದ್ಧದಲ್ಲಿ ಜರ್ಮನಿಯ ಊರೂರುಗಳನ್ನು ಬೂದಿ ಮಾಡಿದ್ದರು. ಧರ್ಮದ ಜೊತೆಗೆ ರಾಜರ ಆಸೆಯೂ ಅದರಲ್ಲಿ ಬೆರೆತಿತ್ತು. ವಾದವೊಂದು ಬಗೆಹರಿಯದಿದ್ದರೆ ಏನಾಗುತ್ತದೆ ಎಂಬುದನ್ನು ಆ ಕಾಲದ ಮಕ್ಕಳು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ. ತಂದೆ ನೀತಿಶಾಸ್ತ್ರದ ಪ್ರೊಫೆಸರ್. ಮಗನಿಗೆ ಆರು ವರ್ಷವಾದಾಗ ತೀರಿಕೊಂಡರು. ಅವರು ಬಿಟ್ಟುಹೋದ ಆಸ್ತಿಯಲ್ಲಿ ಮಗನಿಗೆ ಬೇಕಾಗಿದ್ದದ್ದು ಪುಸ್ತಕದ ಕೋಣೆ ಮಾತ್ರ. ಅಲ್ಲಿ ಕೂತು ಹುಡುಗ ತಾನೇ ತಾನಾಗಿ ಲ್ಯಾಟಿನ್ ಕಲಿತ. ಚಿತ್ರಗಳಿದ್ದ ಒಂದು ಇತಿಹಾಸದ ಪುಸ್ತಕ ಹಿಡಿದು, ಚಿತ್ರದಿಂದ ಪದಕ್ಕೆ, ಪದದಿಂದ ವಾಕ್ಯಕ್ಕೆ ದಾಟಿದನಂತೆ.

ಶಾಲೆಯಲ್ಲಿ ತರ್ಕಶಾಸ್ತ್ರ ಪಾಠವಾದಾಗ ಆ ಹುಡುಗನಿಗೆ ಒಂದು ಯೋಚನೆ ಹೊಳೆಯಿತು. ಪದಗಳೆಲ್ಲ ಕೆಲವೇ ಅಕ್ಷರಗಳಿಂದ ಆಗಿವೆ. ವಿಚಾರಗಳಿಗೂ ಅಂಥದೊಂದು ವರ್ಣಮಾಲೆ ಇರಬಾರದೇಕೆ? 1666ರಲ್ಲಿ, ಇಪ್ಪತ್ತು ತುಂಬುವ ಹೊತ್ತಿಗೆ, ಇದನ್ನೇ ಹಿಡಿದು ವಿಚಾರಗಳನ್ನು ಜೋಡಿಸುವ ಕಲೆಯ ಬಗ್ಗೆ ಪುಸ್ತಕವನ್ನೇ ಅಚ್ಚು ಹಾಕಿಸಿದ. ಅದರಲ್ಲಿ ಗಣಿತ ಹೆಚ್ಚಿಲ್ಲ, ಇಷ್ಟು ವಸ್ತುಗಳನ್ನು ಎಷ್ಟು ರೀತಿ ಜೋಡಿಸಬಹುದು ಎಂಬ ಎಣಿಕೆ ಅಷ್ಟೇ ಇದೆ. ಕನಸು ಮಾತ್ರ ದೊಡ್ಡದು.

ಆ ಕನಸಿಗೂ ಒಬ್ಬ ಹಿರಿಯನಿದ್ದ. ಹದಿಮೂರನೇ ಶತಮಾನದ ಮಯೋರ್ಕಾ ದ್ವೀಪದ ರಾಮೋನ್ ಲುಲ್. ಒಂದರೊಳಗೊಂದು ತಿರುಗುವ ಕಾಗದದ ಚಕ್ರಗಳ ಮೇಲೆ ಅಕ್ಷರ ಬರೆದು, ಅವನ್ನು ತಿರುಗಿಸಿ ವಾದ ಹೂಡುತ್ತಿದ್ದ. ಲುಲ್ ಅರಬ್ಬಿ ಕಲಿತವನು, ಗಜಾಲಿಯವರ ತರ್ಕವನ್ನು ಸಂಗ್ರಹಿಸಿದವನು. ಚಕ್ರಗಳ ಉದ್ದೇಶ ಮುಸ್ಲಿಮರನ್ನೂ ಯಹೂದಿಗಳನ್ನೂ ವಾದದಲ್ಲಿ ಗೆದ್ದು ತನ್ನ ಮತಕ್ಕೆ ತರುವುದು. ಕತ್ತಿಗಿಂತ ಚಕ್ರ ಮೇಲು ಎನ್ನೋಣ. ಆದರೆ ಗೆಲ್ಲುವವರು ಯಾರೆಂದು ಮೊದಲೇ ತೀರ್ಮಾನಿಸಿ ಮಾಡಿದ ಯಂತ್ರ ಅದು. ಲೈಬ್ನಿಟ್ಸ್ ಚಕ್ರವನ್ನು ತೆಗೆದುಕೊಂಡ, ತೀರ್ಮಾನವನ್ನು ಬಿಡಲು ನೋಡಿದ. ಪೂರ್ತಿ ಬಿಡಲು ಆಯಿತೇ ಎಂಬುದು ಮುಂದಿನ ಪ್ರಶ್ನೆ.

ಓದಿದ್ದು ಕಾನೂನು. ಡಾಕ್ಟರೇಟ್ ಕೊಡಲು ಲೈಪ್‌ಜಿಗ್ ಹಿಂದೆಗೆದಾಗ ಆಲ್ಟ್‌ಡಾರ್ಫ್‌ಗೆ ಹೋಗಿ ಪಡೆದುಕೊಂಡ. ಅಲ್ಲಿಯ ಪ್ರೊಫೆಸರ್ ಹುದ್ದೆ ಬೇಡವೆಂದು ಮೈಂಟ್ಸ್ ರಾಜ್ಯದ ಸೇವೆಗೆ ಸೇರಿದ. ಅಲ್ಲಿಂದ 1672ರ ಮಾರ್ಚ್‌ನಲ್ಲಿ ಪ್ಯಾರಿಸ್ಸಿಗೆ ಹೋದ. ಹೋಗಿದ್ದು ಗಣಿತ ಕಲಿಯಲಿಕ್ಕಲ್ಲ. ಆತನ ಚೀಲದಲ್ಲಿ ಒಂದು ಗುಟ್ಟಿನ ಯೋಜನೆ ಇತ್ತು. ಫ್ರಾನ್ಸಿನ ದೊರೆ ಹದಿನಾಲ್ಕನೇ ಲೂಯಿ ಹಾಲೆಂಡಿನ ಮೇಲೆ, ಜರ್ಮನ್ ನಾಡುಗಳ ಮೇಲೆ ಬೀಳುವ ಭಯವಿತ್ತು. ಆತನ ದಂಡನ್ನು ಅತ್ತ ತಿರುಗಿಸಲು ಲೈಬ್ನಿಟ್ಸ್ ಸೂಚಿಸಿದ್ದು ಒಟ್ಟೊಮನ್ನರ ಕೈಯಲ್ಲಿದ್ದ ಈಜಿಪ್ಟನ್ನು. ಕ್ರೈಸ್ತರ ಮೇಲೇಕೆ ಯುದ್ಧ, ಈಜಿಪ್ಟನ್ನು ಹಿಡಿಯಿರಿ, ಲಾಭವೂ ಹೆಚ್ಚು ಎಂಬುದು ಸಾರಾಂಶ. ದೊರೆಯ ಭೇಟಿಯಾಗಲಿಲ್ಲ. ಅಷ್ಟರಲ್ಲಿ ಹಾಲೆಂಡಿನ ಯುದ್ಧ ಆರಂಭವಾಗಿಯೇ ಬಿಟ್ಟಿತು. ಯೋಜನೆ ಚೀಲದಲ್ಲೇ ಉಳಿಯಿತು. ಈ ಚೀಲವನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ರಾಜಕಾರಣ ಕೈಕೊಟ್ಟದ್ದು ಗಣಿತಕ್ಕೆ ಒಳ್ಳೆಯದಾಯಿತು. ಅದೇ ವರ್ಷ ಪ್ಯಾರಿಸ್ಸಿನಲ್ಲಿ ಕ್ರಿಸ್ಟಿಯಾನ್ ಹೈಗೆನ್ಸ್‌ನ ಪರಿಚಯವಾಯಿತು. ಲೋಲಕದ ಗಡಿಯಾರ ಮಾಡಿದವನು, ಶನಿಗ್ರಹದ ಬಳೆಯನ್ನು ಗುರುತಿಸಿದವನು. ಲೈಬ್ನಿಟ್ಸ್‌ಗೆ ಆಗ ಇಪ್ಪತ್ತಾರು ವರ್ಷ. ಗಣಿತಕ್ಕೆ ಅದು ತಡವಾದ ವಯಸ್ಸು. ಆ ಕಾಲದ ಹೊಸ ಗಣಿತ ಆತನಿಗೆ ಗೊತ್ತೇ ಇರಲಿಲ್ಲ. ಹೈಗೆನ್ಸ್ ಪರೀಕ್ಷೆಗೆಂದು ಒಂದು ಲೆಕ್ಕ ಕೊಟ್ಟ.

ಆ ಲೆಕ್ಕವನ್ನು ಹುಣಸೆ ಬೀಜದಲ್ಲೇ ಹೇಳಬಹುದು. ನಮ್ಮ ನಾನಿ ಯಾವ ಎಣಿಕೆಗೂ ಹುಣಸೆ ಬೀಜ ಇಟ್ಟುಕೊಳ್ಳುತ್ತಿದ್ದರು. ಮೊದಲ ಸಾಲಿನಲ್ಲಿ ಒಂದು ಬೀಜ, ಅದರ ಕೆಳಗೆ ಎರಡು, ಅದರ ಕೆಳಗೆ ಮೂರು, ಹೀಗೆ ಇಡುತ್ತ ಹೋದರೆ ತ್ರಿಕೋನವಾಗುತ್ತದೆ. ಒಟ್ಟು ಬೀಜ ಮೊದಲು 1, ಆಮೇಲೆ 3, ಆಮೇಲೆ 6, ಆಮೇಲೆ 10. ಈಗ ಒಂದು ರೊಟ್ಟಿ ತೆಗೆದುಕೊಳ್ಳಿ, ಅದಕ್ಕೆ ರೊಟ್ಟಿಯ 1/3 ಸೇರಿಸಿ, ಮತ್ತೆ 1/6, ಮತ್ತೆ 1/10, ಕೊನೆಯೇ ಇಲ್ಲದಂತೆ ಸೇರಿಸುತ್ತ ಹೋಗಿ. ಒಟ್ಟು ಎಷ್ಟು ರೊಟ್ಟಿ? ಲೈಬ್ನಿಟ್ಸ್ ಪ್ರತಿ ತುಂಡನ್ನೂ ಮೊದಲು ಅರ್ಧ ಮಾಡಿದ. 1/2, 1/6, 1/12, 1/20 ಬಂತು. ಆಮೇಲೆ ಪ್ರತಿಯೊಂದನ್ನೂ ಒಂದು ವ್ಯತ್ಯಾಸವಾಗಿ ನೋಡಿದ. 1/2 ಎಂದರೆ ಒಂದರಲ್ಲಿ 1/2 ಕಳೆದದ್ದು. 1/6 ಎಂದರೆ 1/2ರಲ್ಲಿ 1/3 ಕಳೆದದ್ದು. 1/12 ಎಂದರೆ 1/3ರಲ್ಲಿ 1/4 ಕಳೆದದ್ದು. ಸಾಲಾಗಿ ಬರೆದು ಕೂಡಿದರೆ ಒಂದು ಕಳೆದದ್ದನ್ನು ಇನ್ನೊಂದು ತುಂಬುತ್ತ ನಡುವಿನದೆಲ್ಲ ಹೊಡೆದುಹೋಗುತ್ತದೆ, ಮೊದಲ ಒಂದು ಮಾತ್ರ ಉಳಿಯುತ್ತದೆ. ಅರ್ಧ ಮಾಡಿದ್ದನ್ನು ಎರಡರಿಂದ ಗುಣಿಸಿದರೆ ಉತ್ತರ ಎರಡು ರೊಟ್ಟಿ. ಕೊನೆಯಿಲ್ಲದ ಸಾಲು, ಎರಡೇ ರೊಟ್ಟಿ!

ಆತನ ಮುಂದಿನ ಗಣಿತವೆಲ್ಲ ಈ ಬೀಜದಿಂದ ಮೊಳೆತದ್ದು. ವ್ಯತ್ಯಾಸಗಳನ್ನು ಕೂಡಿದರೆ ಮೊತ್ತ ಸಿಗುತ್ತದೆ. ಮೆಟ್ಟಿಲು ಹತ್ತುವವರಿಗೆಲ್ಲ ಇದು ಗೊತ್ತಿರುವುದೇ. ಒಂದೊಂದು ಮೆಟ್ಟಿಲಿನ ಎತ್ತರವನ್ನೂ ಕೂಡಿದರೆ ಮಹಡಿಯ ಎತ್ತರ. ಆದರೆ ಮೆಟ್ಟಿಲುಗಳು ಕಣ್ಣಿಗೆ ಕಾಣದಷ್ಟು ಸಣ್ಣವಾದಾಗಲೂ, ಅಂದರೆ ಮೆಟ್ಟಿಲು ಹೋಗಿ ಬಾಗಿದ ಗೆರೆಯೇ ಆದಾಗಲೂ ಇದು ನಡೆದೀತೇ ಎಂದು ಕೇಳಲು ಇನ್ನೊಂದು ಪೆಟ್ಟು ಬೇಕಾಗಿತ್ತು.

ಪೆಟ್ಟು ಬಿದ್ದದ್ದು ಲಂಡನ್ನಿನಲ್ಲಿ. 1673ರ ಆರಂಭದಲ್ಲಿ ಅಲ್ಲಿಗೆ ಹೋದ ಲೈಬ್ನಿಟ್ಸ್ ತಾನು ಮಾಡಿಸುತ್ತಿದ್ದ ಲೆಕ್ಕದ ಯಂತ್ರವನ್ನು ರಾಯಲ್ ಸೊಸೈಟಿಯವರಿಗೆ ತೋರಿಸಿದ. ಕೂಡುವುದು ಕಳೆಯುವುದಷ್ಟೇ ಅಲ್ಲ, ಗುಣಾಕಾರ ಭಾಗಾಕಾರವನ್ನೂ ಮಾಡಬೇಕಾದ ಯಂತ್ರ. ಅದಿನ್ನೂ ಪೂರ್ತಿಯಾಗಿರಲಿಲ್ಲ. ವಿಜ್ಞಾನಿ ರಾಬರ್ಟ್ ಬಾಯ್ಲ್ ಮನೆಯಲ್ಲಿ ಗಣಿತಜ್ಞ ಜಾನ್ ಪೆಲ್ ಎದುರಾದ. ವ್ಯತ್ಯಾಸಗಳ ಸಾಲಿನ ಬಗ್ಗೆ ತಾನು ಕಂಡುಹಿಡಿದದ್ದನ್ನು ಲೈಬ್ನಿಟ್ಸ್ ಉತ್ಸಾಹದಿಂದ ಹೇಳಿದರೆ, ಇದು ಆಗಲೇ ಲಿಯೋನ್ ನಗರದ ಮೂತೋನ್ ಎಂಬುವನ ಪುಸ್ತಕದಲ್ಲಿ ಇದೆಯಲ್ಲ ಎಂದ ಪೆಲ್. ಹುಡುಕಿ ನೋಡಿದರೆ ಇತ್ತು. ತಾನು ಕದ್ದದ್ದಲ್ಲವೆಂದು ಲೈಬ್ನಿಟ್ಸ್ ಅಲ್ಲೇ ಕೂತು ವಿವರಣೆ ಬರೆದುಕೊಟ್ಟ. ನಲವತ್ತು ವರ್ಷದ ಮೇಲೆ ಎದುರಾಳಿಗಳು ಈ ಕಾಗದವನ್ನೇ ಹೊರತೆಗೆದರು.

ಮನೆಯೊಳಗೇ ಕೂತು ಓದಿದವರ ಕಷ್ಟ ಇದು. ತಾನೇ ಕಂಡದ್ದು ಹೊಸದೋ ಹಳೆಯದೋ ಗೊತ್ತಾಗುವುದಿಲ್ಲ. ಸಣ್ಣ ಊರಿನ ಉರ್ದು ಶಾಲೆಯಿಂದ ಬಂದ ನಮಗೆ ಈ ಇರಸುಮುರಸು ಹೊಸದಲ್ಲ. ದೊಡ್ಡ ಊರಿನ ಗೋಷ್ಠಿಗಳಲ್ಲಿ ಅದು ಆಗಲೇ ಆಗಿಹೋಗಿದೆ ಎಂಬ ಮಾತು ಎಷ್ಟು ಸಲ ಕಿವಿಗೆ ಬಿದ್ದಿಲ್ಲ! ಹಾಗೆ ಕೇಳಿಸಿಕೊಂಡವರು ಎರಡರಲ್ಲಿ ಒಂದು ಮಾಡುತ್ತಾರೆ. ಮುನಿಸಿಕೊಂಡು ಊರಿಗೆ ಮರಳುತ್ತಾರೆ, ಇಲ್ಲವೇ ಓದುತ್ತಾರೆ. ಲೈಬ್ನಿಟ್ಸ್ ಪ್ಯಾರಿಸ್ಸಿಗೆ ಮರಳಿ ಓದಿದ. ಏನು ಓದಬೇಕೆಂದು ಹೈಗೆನ್ಸ್ ತೋರಿಸಿಕೊಟ್ಟ.

ಹಾಗೆ ಓದಿದವುಗಳಲ್ಲಿ ಬ್ಲೇಜ್ ಪಾಸ್ಕಲ್‌ನ ಒಂದು ಬರಹವಿತ್ತು. ವೃತ್ತದ ಅಂಚಿಗೆ ಒಂದು ಪುಟ್ಟ ತ್ರಿಕೋನವನ್ನು ಅಂಟಿಸಿ, ಅದಕ್ಕೂ ವೃತ್ತದೊಳಗಿನ ದೊಡ್ಡ ತ್ರಿಕೋನಕ್ಕೂ ಇರುವ ಹೋಲಿಕೆಯಿಂದ ಪಾಸ್ಕಲ್ ಒಂದು ಲೆಕ್ಕ ಬಿಡಿಸಿದ್ದ. ಅದನ್ನು ಓದುತ್ತಿದ್ದಂತೆ ತನಗೆ ಬೆಳಕು ಕಂಡಿತೆಂದೂ, ಆ ಬೆಳಕು ಬರೆದವನಿಗೇ ಕಂಡಿರಲಿಲ್ಲವೆಂದೂ ಲೈಬ್ನಿಟ್ಸ್ ಮುಂದೆ ನೆನೆಸಿಕೊಂಡ. ಈ ಪುಟ್ಟ ತ್ರಿಕೋನವನ್ನು ವೃತ್ತಕ್ಕಷ್ಟೇ ಏಕೆ, ಯಾವ ಬಾಗುಗೆರೆಗೆ ಬೇಕಾದರೂ ಅಂಟಿಸಬಹುದಲ್ಲ ಎಂಬುದು ಆ ಬೆಳಕು. ತ್ರಿಕೋನದ ಒಂದು ಬದಿ ಸಣ್ಣ ಅಡ್ಡ ಹೆಜ್ಜೆ, ಇನ್ನೊಂದು ಸಣ್ಣ ಏರು. ಏರನ್ನು ಹೆಜ್ಜೆಯಿಂದ ಭಾಗಿಸಿದರೆ ಆ ಜಾಗದಲ್ಲಿ ಗೆರೆಯ ಇಳಿಜಾರು ಸಿಗುತ್ತದೆ. ಇಂಥ ಸಣ್ಣ ಪಟ್ಟಿಗಳನ್ನು ಕೂಡುತ್ತ ಹೋದರೆ ಗೆರೆಯ ಕೆಳಗಿನ ಜಾಗದ ಅಳತೆ ಸಿಗುತ್ತದೆ. ಒಂದು ವ್ಯತ್ಯಾಸದ ಕೆಲಸ, ಇನ್ನೊಂದು ಮೊತ್ತದ ಕೆಲಸ. ರೊಟ್ಟಿಯ ಲೆಕ್ಕದಲ್ಲಿ ಕಂಡಂತೆ ಒಂದು ಇನ್ನೊಂದರ ತಿರುವುಮುರುವು.

ಈ ದಾರಿಯಲ್ಲೇ ಆತನಿಗೆ ವೃತ್ತದ ಗುಟ್ಟೂ ಸಿಕ್ಕಿತು. ಒಂದರಲ್ಲಿ 1/3 ಕಳೆಯಿರಿ, 1/5 ಕೂಡಿಸಿ, 1/7 ಕಳೆಯಿರಿ, 1/9 ಕೂಡಿಸಿ. ಹೀಗೆ ಬೆಸಸಂಖ್ಯೆಗಳನ್ನು ಹಿಡಿದು ಕೊನೆಯಿಲ್ಲದಂತೆ ಹೋದರೆ ಬರುವುದು ಪೈನ ಕಾಲುಭಾಗ. ಹೈಗೆನ್ಸ್ ಮೆಚ್ಚಿಕೊಂಡ, ಯುರೋಪು ಬೆರಗಾಯಿತು. ಆದರೆ ಇದೇ ಸಾಲು ಸುಮಾರು ಮುನ್ನೂರು ವರ್ಷಗಳ ಹಿಂದೆ ನಮ್ಮ ಪಕ್ಕದ ಕೇರಳದಲ್ಲಿ ಸಂಗಮಗ್ರಾಮದ ಮಾಧವನಿಗೆ ಗೊತ್ತಿತ್ತು. ಆತನ ಪರಂಪರೆಯ ಜ್ಯೇಷ್ಠದೇವ ಹದಿನಾರನೇ ಶತಮಾನದಲ್ಲಿ ಅದರ ಸಾಧನೆಯನ್ನು ‘ಯುಕ್ತಿಭಾಷಾ’ ಎಂಬ ಗ್ರಂಥದಲ್ಲಿ ಬರೆದಿಟ್ಟ. ಬರೆದದ್ದು ಸಂಸ್ಕೃತದಲ್ಲಲ್ಲ, ಮಲಯಾಳದಲ್ಲಿ. 1830ರ ದಶಕದಲ್ಲಿ ಚಾರ್ಲ್ಸ್ ವಿಶ್ ಎಂಬ ಕಂಪನಿ ಅಧಿಕಾರಿ ಇದನ್ನು ಬರೆದು ತಿಳಿಸುವವರೆಗೆ ಯುರೋಪಿಗೆ ಸುದ್ದಿಯೇ ಇರಲಿಲ್ಲ. ನಾವೇ ಮೊದಲು ಎಂದು ಎದೆ ತಟ್ಟಿಕೊಳ್ಳಲು ಇದನ್ನು ಹೇಳುತ್ತಿಲ್ಲ. ಒಂದೇ ಬೆಟ್ಟವನ್ನು ಬೇರೆ ಬೇರೆ ಕಡೆಯಿಂದ ಹತ್ತಿದವರು ತುದಿಯಲ್ಲಿ ಒಬ್ಬರನ್ನೊಬ್ಬರು ನೋಡದೆಯೇ ಹೋದರಲ್ಲ ಎಂಬ ಸಂಕಟಕ್ಕೆ ಹೇಳುತ್ತಿದ್ದೇವೆ.

1675ರ ಅಕ್ಟೋಬರ್ ಕೊನೆ ಮತ್ತು ನವೆಂಬರ್ ತಿಂಗಳ ಲೈಬ್ನಿಟ್ಸ್‌ನ ಹಸ್ತಪ್ರತಿಗಳು ಹ್ಯಾನೋವರ್ ನಗರದಲ್ಲಿ ಇವತ್ತಿಗೂ ಇವೆ. ತಾರೀಖು ಸಮೇತ ಇರುವ ಆ ಹಾಳೆಗಳಲ್ಲಿ ಒಂದು ಭಾಷೆ ಹುಟ್ಟುವುದನ್ನು ಕಾಣಬಹುದು. ಅದುವರೆಗೆ ಮೊತ್ತ ಎನ್ನಲು ಆತ ಲ್ಯಾಟಿನ್ ಪದವನ್ನು ಬರೆಯುತ್ತಿದ್ದ. ಅಕ್ಟೋಬರ್ 29ರಂದು ಆ ಪದದ ಬದಲು, ಮೊತ್ತ ಎಂಬ ಅರ್ಥದ ಇನ್ನೊಂದು ಲ್ಯಾಟಿನ್ ಪದದ ಮೊದಲಕ್ಷರವನ್ನೇ ಉದ್ದಕ್ಕೆ ಎಳೆದು ಬರೆದ. ಇವತ್ತಿನ ಪಠ್ಯಪುಸ್ತಕಗಳಲ್ಲಿ ಹಾವಿನಂತೆ ನಿಂತಿರುವ ಉದ್ದನೆಯ ಎಸ್ ಅದೇ. ಕೆಲವೇ ದಿನಗಳಲ್ಲಿ ವ್ಯತ್ಯಾಸಕ್ಕೆ ಡಿ ಎಂಬ ಅಕ್ಷರ ಬಂತು, ಅದು ಎಕ್ಸ್ ಪಕ್ಕ ನಿಂತು ಡಿ ಎಕ್ಸ್ ಆಯಿತು.

ಆ ಹಾಳೆಗಳಲ್ಲಿ ತಡಕಾಟವೂ ಇದೆ. ಎರಡು ಬೆಳೆಯುವ ಸಂಖ್ಯೆಗಳ ಗುಣಲಬ್ಧದ ವ್ಯತ್ಯಾಸವೆಂದರೆ ಎರಡರ ವ್ಯತ್ಯಾಸಗಳ ಗುಣಲಬ್ಧವೇ ಎಂದು ನವೆಂಬರ್ 11ರಂದು ತನ್ನನ್ನೇ ಕೇಳಿಕೊಂಡು, ಪರೀಕ್ಷಿಸಿ, ಅಲ್ಲವೆಂದು ಕಂಡುಕೊಂಡ. ಹೊಲದ ಲೆಕ್ಕದಲ್ಲಿ ಇದು ಸುಲಭ. ಹತ್ತು ಗಜಕ್ಕೆ ಇಪ್ಪತ್ತು ಗಜದ ಹೊಲವನ್ನು ಎರಡೂ ಕಡೆ ಒಂದೊಂದು ಗಜ ಹಿಗ್ಗಿಸಿದರೆ 200 ಹೋಗಿ 231 ಚದರ ಗಜವಾಗುತ್ತದೆ. ಹೆಚ್ಚಾದದ್ದು ಮೂಲೆಯ ಒಂದು ಚದರ ಗಜ ಮಾತ್ರವಲ್ಲ, ಒಂದು ಬದಿಯ ಇಪ್ಪತ್ತು, ಇನ್ನೊಂದು ಬದಿಯ ಹತ್ತು ಕೂಡ. ಹಿಗ್ಗುವಿಕೆ ಸಣ್ಣದಾಗುತ್ತ ಹೋದಂತೆ ಮೂಲೆಯ ತುಂಡು ಲೆಕ್ಕಕ್ಕಿಲ್ಲದಂತಾಗಿ ಎರಡು ಪಟ್ಟಿಗಳೇ ಉಳಿಯುತ್ತವೆ. ನವೆಂಬರ್ ಮುಗಿಯುವುದರೊಳಗೆ ಸರಿಯಾದ ನಿಯಮ ಹಾಳೆಯ ಮೇಲಿತ್ತು.

ಚಿಹ್ನೆಗಳೆಂದರೆ ಬರೆಯುವ ಶ್ರಮ ಉಳಿಸುವ ಉಪಾಯವಲ್ಲವೇ, ಇದರಲ್ಲಿ ದೊಡ್ಡದೇನಿದೆ ಎಂದು ಕೆಲವರಿಗೆ ಅನಿಸಬಹುದು. ಲೈಬ್ನಿಟ್ಸ್‌ಗೆ ಹಾಗೆ ಅನಿಸಲಿಲ್ಲ. ಒಳ್ಳೆಯ ಚಿಹ್ನೆ ನಮಗಾಗಿ ತಾನೇ ಯೋಚಿಸಬೇಕು ಎಂಬುದು ಆತನ ನಂಬಿಕೆ. ಗುಣಿಸಲು ಬಳಸುವ ಓರೆ ಗುರುತು ಎಕ್ಸ್ ಅಕ್ಷರದಂತೆ ಕಾಣುತ್ತದೆ, ಗೊಂದಲವಾಗುತ್ತದೆ ಎಂದು ಗೆಳೆಯನಿಗೆ ಕಾಗದ ಬರೆದು, ಅದರ ಬದಲು ಒಂದು ಚುಕ್ಕೆ ಇಟ್ಟ. ಭಾಗಾಕಾರಕ್ಕೆ ಒಂದರ ಮೇಲೊಂದು ಎರಡು ಚುಕ್ಕೆ ಸಾಕೆಂದ. ನಮ್ಮ ಶಾಲೆಯಲ್ಲಿ ಅನುಪಾತ ಬರೆಯುತ್ತಿದ್ದ ಆ ಎರಡು ಚುಕ್ಕೆಗಳ ಹಿಂದೆ ಈತನ ಕೈ ಇದೆಯೆಂದು ಓದಿದಾಗ ನಾವು ಸ್ವಲ್ಪ ಹೊತ್ತು ಸುಮ್ಮನೆ ಕೂತೆವು. ತಕ್ಸೀಮ್ ಎಂಬ ಅಷ್ಟು ಭಾರದ ಮಾತು ಎರಡು ಚುಕ್ಕೆಯಾದರೆ ಮನೆಯಿಲ್ಲ, ಗಡಿಯಿಲ್ಲ, ರೈಲಿಲ್ಲ, ಹೆಣವಿಲ್ಲ. ಹಗುರಾದ ಮಾತು ಒಳ್ಳೆಯದೋ ಕೆಟ್ಟದ್ದೋ? ಲೆಕ್ಕಕ್ಕೆ ಒಳ್ಳೆಯದು. ಮಿಕ್ಕದ್ದಕ್ಕೆ?

ಈ ಪ್ರಶ್ನೆಗೆ ಉತ್ತರ ಹುಡುಕಲು ಲೈಬ್ನಿಟ್ಸ್‌ಗಿಂತ ಎಂಟುನೂರು ವರ್ಷ ಹಿಂದಕ್ಕೆ, ಬಗ್ದಾದಿಗೆ ಹೋಗಬೇಕು. ಒಂಬತ್ತನೇ ಶತಮಾನದ ಆರಂಭದಲ್ಲಿ ಅಲ್ಲಿ ಅಲ್ ಖ್ವಾರಿಜ್ಮಿ ಬರೆದ ಅಲ್ ಜಬ್ರ್ ಗ್ರಂಥದಿಂದಲೇ ಆಲ್ಜಿಬ್ರಾ ಎಂಬ ಹೆಸರು ಬಂತು. ಲೈಬ್ನಿಟ್ಸ್ ಓದಿದ ಯುರೋಪಿನ ಬೀಜಗಣಿತದ ಬೇರು ಅಲ್ಲಿದೆ. ಆ ಗ್ರಂಥದಲ್ಲಿ ಒಂದೂ ಚಿಹ್ನೆಯಿಲ್ಲ, ಎಲ್ಲವೂ ಮಾತಿನಲ್ಲಿ. ಗೊತ್ತಿಲ್ಲದ ಸಂಖ್ಯೆಗೆ ಶೈ, ಅಂದರೆ ವಸ್ತು, ಎಂದು ಹೆಸರು. ಪುಸ್ತಕದ ದೊಡ್ಡ ಭಾಗ ಇರುವುದು ಉಯಿಲು ಮತ್ತು ವಾರಸುದಾರಿಕೆಯ ಲೆಕ್ಕಗಳಿಗೆ. ಸತ್ತವನು ಹೆಂಡತಿಗೆ, ಮಕ್ಕಳಿಗೆ, ಹೊರಗಿನವರಿಗೆ ಬಿಟ್ಟುಹೋದದ್ದರಲ್ಲಿ ಯಾರಿಗೆ ಎಷ್ಟು? ಅಲ್ಲಿ ಕೂತು ಲೆಕ್ಕ ಹಾಕೋಣ ಎಂಬುದು ಕನಸಲ್ಲ, ದಿನನಿತ್ಯದ ಕೆಲಸ. ಪಾಲು ಮೊದಲೇ ಗೊತ್ತುಮಾಡಿದ್ದಾಗ, ಎಲ್ಲರೂ ಅದನ್ನು ಒಪ್ಪಿದ್ದಾಗ, ಲೆಕ್ಕ ನಿಜವಾಗಿಯೂ ಜಗಳ ತಡೆಯುತ್ತದೆ.

ನಮ್ಮ ಕುಟುಂಬದಲ್ಲೂ ಇಂಥ ಲೆಕ್ಕಗಳು ಆಗಿವೆ. ಲೆಕ್ಕದಲ್ಲಿ ಒಂದು ಪೈಸೆ ಹೆಚ್ಚುಕಡಿಮೆ ಆಗಿಲ್ಲ. ಹೆಣ್ಣುಮಕ್ಕಳ ಪಾಲು ಕಾಗದದ ಮೇಲೆ ಚೊಕ್ಕವಾಗಿ ಕೂತಿದೆ. ಆದರೆ ಆ ಪಾಲನ್ನು ಅಣ್ಣಂದಿರ ಹೆಸರಿಗೆ ಮಾಫ್ ಮಾಡಿ ರುಜು ಹಾಕಿದ ಅಕ್ಕತಂಗಿಯರು ಎಷ್ಟೋ ಜನ. ಸರಿಯಾದ ಭಾಗಾಕಾರ, ಸರಿಯಾದ ಶೇಷ, ಆಮೇಲೆ ಮೌನ. ಲೆಕ್ಕ ಹಾಕುವಾಗ ಗಂಡಸರು ಜಮಖಾನದ ಮೇಲೆ ಕೂತಿರುತ್ತಾರೆ, ಅವರು ಪರದೆಯ ಹಿಂದೆ ನಿಂತಿರುತ್ತಾರೆ. ಕೂತು ಲೆಕ್ಕ ಹಾಕೋಣ ಎನ್ನುವಾಗ ಕೂತವರು ಯಾರು ಎಂದು ಲೆಕ್ಕದ ಯಾವ ಸಾಲೂ ಕೇಳುವುದಿಲ್ಲ.

ಈಗ ಆ ಚೀಲವನ್ನು ಬಿಚ್ಚಬಹುದು. ಯುರೋಪಿನ ಜಗಳ ತಪ್ಪಿಸಲು ಲೈಬ್ನಿಟ್ಸ್ ಹಾಕಿದ ಲೆಕ್ಕ ಬುದ್ಧಿವಂತಿಕೆಯದೇ. ಆದರೆ ಆ ಲೆಕ್ಕದಲ್ಲಿ ಈಜಿಪ್ಟಿನ ಜನ ಕೂತಿರಲಿಲ್ಲ, ಅವರು ಚಿಹ್ನೆಗಳಾಗಿದ್ದರು. ಒಂದು ಕಡೆಯಿಂದ ತೆಗೆದು ಇನ್ನೊಂದು ಕಡೆ ಇಡಬಹುದಾದ ಚಿಹ್ನೆಗಳು. ಆತನನ್ನು ಕೆಟ್ಟವನೆನ್ನಲು ಇದನ್ನು ಎತ್ತಿದ್ದಲ್ಲ. ಇದೇ ಮನುಷ್ಯ ಪೀಕಿಂಗ್‌ನಲ್ಲಿದ್ದ ಪಾದ್ರಿ ಬೂವೆಗೆ ಕಾಗದ ಬರೆದು, ಚೀನಾದ ಪ್ರಾಚೀನ ಗೆರೆಚಿತ್ರಗಳಲ್ಲಿ ತಾನು ಸೊನ್ನೆ ಮತ್ತು ಒಂದರಿಂದ ಕಟ್ಟಿದ ಎಣಿಕೆಯನ್ನು ಕಂಡು ಹಿಗ್ಗಿದವನು. ಎರಡನ್ನು 10, ಮೂರನ್ನು 11, ನಾಲ್ಕನ್ನು 100 ಎಂದು ಬರೆಯುವ ಆ ಎಣಿಕೆಯನ್ನು 1703ರಲ್ಲಿ ಅಚ್ಚಿಗೆ ಕೊಟ್ಟ. ನಮ್ಮ ಮೊಬೈಲಿನೊಳಗೆ ಓಡುವುದು ಅಂಥದೇ ಎಣಿಕೆ. ದೂರದವರಿಂದ ಕಲಿಯಬಲ್ಲವನೇ ದೂರದವರನ್ನು ಲೆಕ್ಕದ ಕಾಯಿಯಾಗಿಯೂ ನೋಡಬಲ್ಲ. ಇದು ಆತನೊಬ್ಬನ ಕತೆಯಲ್ಲ.

ಜಗಳ ಕೊನೆಗೆ ಆತನ ಮನೆಗೇ ಬಂತು. ಇಂಗ್ಲೆಂಡಿನ ಐಸಾಕ್ ನ್ಯೂಟನ್ 1665-66ರಲ್ಲೇ ಬೇರೊಂದು ದಾರಿಯಿಂದ ಇದೇ ಗಣಿತವನ್ನು ಕಂಡುಕೊಂಡಿದ್ದ, ಆದರೆ ಅಚ್ಚು ಹಾಕಿಸಿರಲಿಲ್ಲ. 1676ರಲ್ಲಿ ಲೈಬ್ನಿಟ್ಸ್‌ಗೆ ತಲುಪಲೆಂದು ಬರೆದ ಕಾಗದದಲ್ಲಿ ತನ್ನ ವಿಧಾನದ ತಿರುಳನ್ನು ಯಾರಿಗೂ ಅರ್ಥವಾಗದಂತೆ ಅಕ್ಷರಗಳನ್ನು ಕಲಸಿ ಮುಚ್ಚಿಟ್ಟ. 1677ರಲ್ಲಿ ಬರೆದ ಉತ್ತರದಲ್ಲಿ ಲೈಬ್ನಿಟ್ಸ್ ತನ್ನ ವಿಧಾನವನ್ನು ಬಿಚ್ಚಿಯೇ ಹೇಳಿದ. 1684ರಲ್ಲಿ ಲೈಪ್‌ಜಿಗ್‌ನ ಪತ್ರಿಕೆಯೊಂದರಲ್ಲಿ ಅಚ್ಚು ಹಾಕಿಸಿದ. ಸ್ವಿಟ್ಜರ್ಲೆಂಡಿನ ಬರ್ನೌಲಿ ಸೋದರರು ಅದನ್ನು ಓದಿ ಬೆಳೆಸಿದರು. 1696ರಲ್ಲಿ ಫ್ರಾನ್ಸಿನ ಲೋಪಿತಾಲ್ ಪಠ್ಯಪುಸ್ತಕವನ್ನೇ ಬರೆದ. ಆಮೇಲೆ ಇಂಗ್ಲೆಂಡಿನಿಂದ ಕೂಗೆದ್ದಿತು: ಲೈಬ್ನಿಟ್ಸ್ ಕಳ್ಳ. 1712ರಲ್ಲಿ ರಾಯಲ್ ಸೊಸೈಟಿ ವಿಚಾರಣಾ ಸಮಿತಿ ಮಾಡಿತು. ಸೊಸೈಟಿಯ ಅಧ್ಯಕ್ಷ ನ್ಯೂಟನ್ನೇ, ವರದಿ ಬರೆದ ಕೈಯೂ ನ್ಯೂಟನ್ನನದೇ. ತೀರ್ಪು ಏನಾಯಿತೆಂದು ಹೇಳಬೇಕಾಗಿಲ್ಲ. ಇಬ್ಬರೂ ಸ್ವತಂತ್ರವಾಗಿ ಕಂಡುಕೊಂಡರು ಎಂಬುದು ಇಂದಿನ ಇತಿಹಾಸಕಾರರ ಮಾತು.

ಜಗತ್ತಿನ ಅತಿ ದೊಡ್ಡ ಇಬ್ಬರು ಲೆಕ್ಕಿಗರು ಎದುರುಬದುರಾದಾಗ ಕೂತು ಲೆಕ್ಕ ಹಾಕೋಣ ಎನ್ನಲು ಯಾರಿಗೂ ಆಗಲಿಲ್ಲ. ಯಾರು ಮೊದಲು ಎಂಬುದಕ್ಕೆ ಉತ್ತರ ತಾರೀಖಿನಲ್ಲಿತ್ತು. ಯಾರು ದೊಡ್ಡವರು ಎಂಬ ಪ್ರಶ್ನೆ ತಾರೀಖನ್ನು ಕೇಳಲು ಬಿಡಲಿಲ್ಲ. 1716ರ ನವೆಂಬರ್ 14ರಂದು ಲೈಬ್ನಿಟ್ಸ್ ಹ್ಯಾನೋವರಿನಲ್ಲಿ ತೀರಿಕೊಂಡ. ಆತನ ಧಣಿ ಆಗ ಇಂಗ್ಲೆಂಡಿನ ದೊರೆಯೂ ಆಗಿದ್ದ. ಮಣ್ಣಿಗೆ ಆಸ್ಥಾನದಿಂದ ಬಂದವನು ಆತನ ಕಾರ್ಯದರ್ಶಿ ಒಬ್ಬನೇ.

ಇಂಗ್ಲೆಂಡಿನವರು ಗೆದ್ದ ಜಂಬದಲ್ಲಿ ನೂರು ವರ್ಷ ನ್ಯೂಟನ್ನನ ಚುಕ್ಕೆಗಳನ್ನೇ ಹಿಡಿದುಕೊಂಡು ಕೂತರು. ಆಚೆ ದಡದಲ್ಲಿ ಲೈಬ್ನಿಟ್ಸ್‌ನ ಡಿ ಮತ್ತು ಉದ್ದನೆಯ ಎಸ್ ಹಿಡಿದವರು ಬಹಳ ಮುಂದೆ ಹೋಗಿಬಿಟ್ಟರು. 1812ರಲ್ಲಿ ನ್ಯೂಟನ್ ಓದಿ ಕಲಿಸಿದ ಕೇಂಬ್ರಿಜ್‌ನಲ್ಲೇ ಚಾರ್ಲ್ಸ್ ಬ್ಯಾಬೇಜ್, ಜಾನ್ ಹರ್ಷೆಲ್, ಜಾರ್ಜ್ ಪೀಕಾಕ್ ಮೊದಲಾದ ಹುಡುಗರು ಒಂದು ಸಂಘ ಕಟ್ಟಿದರು. ನಮಗೆ ಲೈಬ್ನಿಟ್ಸ್‌ನ ಚಿಹ್ನೆ ಬೇಕು ಎಂಬುದೇ ಅವರ ಬೇಡಿಕೆ. ಹಿರಿಯರು ಮೂಗು ಮುರಿದರು. ಕೆಲವು ವರ್ಷಗಳಲ್ಲೇ ಪರೀಕ್ಷೆಯ ಪ್ರಶ್ನೆಪತ್ರಿಕೆಗೆ ಡಿ ಬಂದು ಕೂತಿತು. ಸಮಿತಿಯ ತೀರ್ಪನ್ನು ಯಾರೂ ರದ್ದು ಮಾಡಲಿಲ್ಲ, ಯಾರೂ ಕ್ಷಮೆ ಕೇಳಲಿಲ್ಲ. ಎದುರಾಳಿಯ ಅಕ್ಷರ ತಮ್ಮ ಕೆಲಸಕ್ಕೆ ಬಂದದ್ದನ್ನು ಕಂಡು ಹುಡುಗರು ಅದರಲ್ಲಿ ಬರೆಯತೊಡಗಿದರು, ಅಷ್ಟೇ.

ಜಗಳಗಳು ಲೆಕ್ಕದಿಂದ ತೀರುತ್ತವೆ ಎಂಬ ನಂಬಿಕೆ ನಮಗೆ ಈಗಲೂ ಬಂದಿಲ್ಲ. ಆದರೆ ಇನ್ನೊಬ್ಬರ ಅಕ್ಷರದಲ್ಲಿ ನಮ್ಮ ಲೆಕ್ಕವನ್ನು ಬರೆದು ನೋಡಬಹುದು ಎಂಬುದರಲ್ಲಿ ನಂಬಿಕೆ ಇದೆ. ಎರಡು ಲಿಪಿಗಳ ನಡುವೆ ಬೆಳೆದವರಿಗೆ ಅಷ್ಟಾದರೂ ನಂಬಿಕೆ ಇಲ್ಲದಿದ್ದರೆ ಬರೆಯುವುದು ಹೇಗೆ?